ಆಟದ ಬಯಲಿನಲ್ಲಿ ಪಂಕ್ತಿಭೇದ



ಕಳೆದ ಸಂಚಿಕೆಯಲ್ಲಿ ಬಾಯಿಪಾಠದ ವಿಷಯವಾಗಿ ನಾನು ಬರೆದುದನ್ನು ಓದಿ ಕೆಲವರು ಮೆಚ್ಚಿಯೂ ಕೆಲವರು ಮುನಿದೂ ಕಾಗದ ಬರೆದಿದ್ದಾರೆ. ಅವುಗಳಿಗೆ ಉತ್ತರವನ್ನು ಮುಂದಿನ ತಿಂಗಳಿಗೆ ಕಟ್ಟಿಟ್ಟು, ಈ ಸಲ ಬೇರೊಂದು ಮಾತನ್ನೆತ್ತಿಕೊಂಡಿದ್ದೇನೆ. ಅದು ಕಾಲ್ಚೆಂಡಾಟದ ಮಾತು. ಶಬ್ದರೂಪಗಳನ್ನು ತಿದ್ದುವುದರಲ್ಲಿಯೇ ಆಯುಷ್ಯವನ್ನು ಸವೆಸಿದ ಮೇಷ್ಟ್ರಿಗೂ ಕಾಲ್ಚೆಂಡಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಮೂರು ತಿಂಗಳ ಹಿಂದೆ ನಾನೂ ಹಾಗೆಯೇ ಕೇಳುತ್ತಿದ್ದೆನು. ಈಗ ನಾನು ನಮ್ಮ ಬಡಾವಣೆಯ ಕಾಲ್ಚೆಂಡಿನ ಸಂಘದ ಅಧ್ಯಕ್ಷನಾಗಿರುವುದರಿಂದ ಕೇಳುವ ಅಧಿಕಾರವು ಹೋಗಿ, ಉತ್ತರ ಹೇಳುವ ಭಾರವು ಬಂದಿದೆ.

ಅದು ಆದ ಬಗೆ ಹೀಗೆ. ನಿವೃತ್ತನಾದ ಉಪಾಧ್ಯಾಯನು ಊರಿನ ಎಲ್ಲ ಅರ್ಜಿಗಳಿಗೂ ಮೊದಲನೆಯ ರುಜುವಾಗಿಬಿಡುತ್ತಾನೆ. ಒಂದು ಸಂಜೆ ನಾಲ್ವರು ತರುಣರು ಮನೆಗೆ ಬಂದರು. ಒಬ್ಬನು ಬ್ಯಾಂಕಿನ ಗುಮಾಸ್ತ, ಒಬ್ಬನು ಮೊಬೈಲ್ ಅಂಗಡಿಯವನು, ಉಳಿದಿಬ್ಬರು ಕಾಲೇಜಿನವರು. ಪುರಸಭೆಯ ಮೈದಾನದಲ್ಲಿ ಶನಿವಾರ ಭಾನುವಾರಗಳ ಸಂಜೆ ಫುಟ್‌ಬಾಲ್ ಆಡಲು ಅಪ್ಪಣೆ ಬೇಕು, ಅರ್ಜಿಗೆ ಹಿರಿಯರೊಬ್ಬರ ಸಹಿ ಬೇಕು ಎಂದರು. “ಆಟ ಯಾರಿಗಪ್ಪಾ?” ಎಂದೆನು. “ಎಲ್ಲರಿಗೂ ಸಾರ್, ಯಾರನ್ನೂ ಬೇಡ ಅನ್ನೋದಿಲ್ಲ” ಎಂದರು. ಅಷ್ಟರಲ್ಲಿ ನಡುಮನೆಯ ಬಾಗಿಲ ಸಂದಿನಿಂದ ನನ್ನ ಮೊಮ್ಮಗಳು, ಹತ್ತು ವರ್ಷದವಳು, “ಹಾಗಾದರೆ ನಾನೂ ಹೋಗಬಹುದಾ ತಾತ?” ಎಂದಳು. ನಾಲ್ವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಬ್ಯಾಂಕಿನ ಹುಡುಗನು ವಿನಯದಿಂದಲೇ, “ಇನ್ನೂ ಚಿಕ್ಕವಳು ಸಾರ್, ಏಟುಗೀಟು ಬಿದ್ದೀತು” ಎಂದನು. ಎದುರುಮನೆಯ ಹುಡುಗನು ಅವಳಿಗಿಂತ ಒಂದು ವರ್ಷ ಚಿಕ್ಕವನು. ಅವನ ಹೆಸರು ಆಗಲೇ ಪಟ್ಟಿಯಲ್ಲಿತ್ತು.

ಆ ತರುಣರಲ್ಲಿ ದುರ್ಬುದ್ಧಿಯು ಎಳ್ಳಷ್ಟೂ ಇರಲಿಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಯಾರನ್ನೂ ತಡೆದವರಲ್ಲ. ಆದರೆ ನಮ್ಮ ಮನೆಗಳಲ್ಲಿ ಮದುವೆಯಾದರೆ ನಾವು ಏನು ಮಾಡುತ್ತೇವೆ? ಛತ್ರದ ಬಾಗಿಲು ತೆರೆದೇ ಇರುತ್ತದೆ, ಬಂದವರನ್ನು ಯಾರೂ ತಳ್ಳುವುದಿಲ್ಲ. ಹಾಗೆಂದು ಕರೆಯದ ಮನೆಗೆ ಯಾರಾದರೂ ಬರುತ್ತಾರೆಯೆ? ಅರಿಶಿನ ಕುಂಕುಮ ಹಿಡಿದು ಹೊಸ್ತಿಲಿಗೆ ಹೋಗಿ ಕರೆದರೂ, “ಅವರು ಮನಸ್ಸಿನಿಂದ ಕರೆಯಲಿಲ್ಲ” ಎನ್ನುವವರುಂಟು. ಹೀಗಿರಲಾಗಿ, ತಲೆತಲಾಂತರದಿಂದ “ಇದು ನಿನಗಲ್ಲ” ಎಂದು ಕೇಳಿಕೊಂಡೇ ಬೆಳೆದ ಹೆಣ್ಣುಮಗುವೋ, ಊರುಗೋಲಿನ ಹುಡುಗನೋ, ತೆರೆದ ಬಯಲೊಂದನ್ನು ಕಂಡ ಮಾತ್ರಕ್ಕೆ ಒಳಕ್ಕೆ ಬಂದುಬಿಡುವರೆಂದು ತಿಳಿಯುವುದು ತರವಲ್ಲ. ಈ ಮಾತನ್ನು ನಾನು ಆ ತರುಣರಿಗೆ ದೊಡ್ಡ ಗಂಟಲಿನಲ್ಲಿ ಹೇಳಬಹುದಾಗಿತ್ತು. ಹೇಳುವ ಮುಖ ನನಗಿರಲಿಲ್ಲ. ಏಕೆಂಬುದನ್ನು ಬರೆಯುತ್ತೇನೆ.

ನಾನು ಮಧ್ಯವಯಸ್ಸಿನಲ್ಲಿ ಒಂದು ಪ್ರೌಢಶಾಲೆಯಲ್ಲಿದ್ದಾಗ ಅಲ್ಲಿ ಡ್ರಿಲ್ ಮೇಷ್ಟ್ರ ಹುದ್ದೆಯು ಮೂರು ವರ್ಷ ಖಾಲಿಯಿತ್ತು. ಆಟದ ಪಿರಿಯಡ್ಡು ನನ್ನ ಪಾಲಿಗೆ ಬಂದಿತು. ಯಾರೋ ಪುಣ್ಯಾತ್ಮರು ದಾನ ಕೊಟ್ಟ ಎರಡು ಚೆಂಡುಗಳಿದ್ದವು. ಗಂಡುಹುಡುಗರಿಗೆ ಬಯಲು, ಹೆಣ್ಣುಮಕ್ಕಳಿಗೆ ಶಾಲೆಯ ಹಿಂಭಾಗದಲ್ಲಿ, ನೀರಿನ ತೊಟ್ಟಿಯ ಬಳಿ, ಒಂದು ರಬ್ಬರಿನ ಬಳೆ. ಆ ಏರ್ಪಾಟನ್ನು ಮಾಡಿದವನು ನಾನೇ. ಹುಡುಗರಲ್ಲಿ ಒಬ್ಬನಿಗೆ ಪೋಲಿಯೋದಿಂದ ಎಡಗಾಲು ಸಣ್ಣದಾಗಿ ಹೋಗಿದ್ದಿತು. ಅವನನ್ನು ನೋಡಿ ನನಗೆ ಮರುಕವುಂಟಾಗಿ, “ನೀನು ಬಿಸಿಲಿನಲ್ಲಿ ನಿಲ್ಲಬೇಡ, ಹೊಂಗೆಯ ಮರದ ಕೆಳಗೆ ಕುಳಿತು ಎಲ್ಲರ ಚಪ್ಪಲಿ ಅಂಗಿಗಳನ್ನು ನೋಡಿಕೋ” ಎಂದೆನು. ಅವನು ಮೂರು ವರ್ಷವೂ ನೋಡಿಕೊಂಡನು. ನಾನು ಮಾಡಿದ್ದು ಉಪಕಾರವೆಂದೇ ನನ್ನ ಭಾವನೆಯಾಗಿತ್ತು. ಸ್ಟಾಫ್ ರೂಮಿನಲ್ಲಿ ಒಬ್ಬಿಬ್ಬರ ಮುಂದೆ ಆಡಿಕೊಂಡದ್ದೂ ಉಂಟು.

ನಾನು ನಿವೃತ್ತನಾದ ದಿನ ಅವನು ಹಾರ ತೆಗೆದುಕೊಂಡು ಬಂದಿದ್ದನು. ಈಗ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತಾನೆ, ಸಂಸಾರಸ್ಥ. ಕಾಲಿಗೆರಗಿ ಎದ್ದು, ಹಳೆಯ ದಿನಗಳ ಮಾತು ಬಂದಾಗ ನಗುತ್ತಲೇ, “ಮೇಷ್ಟ್ರೇ, ನಲವತ್ತು ಜೊತೆ ಚಪ್ಪಲಿಯಲ್ಲಿ ಯಾವುದು ಯಾರದು ಅಂತ ಈಗಲೂ ಹೇಳಬಲ್ಲೆ” ಎಂದನು. ಅವನ ದನಿಯಲ್ಲಿ ಕಹಿಯಿರಲಿಲ್ಲ. ಆ ರಾತ್ರಿ ನನಗೆ ಮಾತ್ರ ನಿದ್ರೆ ಬರಲಿಲ್ಲ. ವ್ಯಾಕರಣದಲ್ಲಿ ಅರ್ಧಮಾತ್ರೆಯ ಲೋಪವನ್ನು ಕಂಡುಹಿಡಿಯುತ್ತಿದ್ದ ನಾನು ಒಂದು ಮಗುವನ್ನು ಮೂರು ವರ್ಷ ಪಂಕ್ತಿಯಿಂದ ಹೊರಗೆ ಕುಳ್ಳಿರಿಸಿದ್ದೆನು.

ಆದಕಾರಣ ಅರ್ಜಿಗೆ ಸಹಿ ಹಾಕುವ ಮುನ್ನ ಒಂದು ವಾರದ ಅವಧಿಯನ್ನು ಕೇಳಿ, ಈ ವಿಷಯದಲ್ಲಿ ಬೇರೆಯವರು ಏನು ಮಾಡಿದ್ದಾರೆಂಬುದನ್ನು ಓದಲು ಕುಳಿತೆನು. ಓದಿದುದನ್ನು ತಮ್ಮ ಮುಂದಿಡುತ್ತೇನೆ.

ಹೆಣ್ಣುಮಕ್ಕಳು ನಾಲ್ಕು ಜನರ ಮುಂದೆ ಚೆಂಡಾಡುವುದು ನಮ್ಮ ಸಂಪ್ರದಾಯವೇ ಅಲ್ಲವೆಂದು ಹೇಳುವವರಿಗೆ ದಂಡಿಯ ದಶಕುಮಾರಚರಿತೆಯನ್ನು ತೋರಿಸಬೇಕು. ಅದರಲ್ಲಿ ಸುಹ್ಮದೇಶದ ರಾಜಪುತ್ರಿ ಕಂದುಕಾವತಿಯು ತಿಂಗಳಿಗೊಮ್ಮೆ ಕೃತ್ತಿಕಾ ನಕ್ಷತ್ರದ ದಿನ ವಿಂಧ್ಯವಾಸಿನಿಯ ಪ್ರೀತ್ಯರ್ಥವಾಗಿ ಜನರೆದುರಿಗೆ ಕಂದುಕಕ್ರೀಡೆಯನ್ನಾಡುತ್ತಾಳೆ. ಚೆಂಡು ಎದ್ದ, ಬಿದ್ದ, ತಿರುಗಿದ ಗತಿಗಳನ್ನು ಕವಿಯು ಬಿಡಿಬಿಡಿಯಾಗಿ ಹೆಸರಿಟ್ಟು ವರ್ಣಿಸಿದ್ದಾನೆ. ಆದರೆ ಸತ್ಯವನ್ನು ಮುಚ್ಚಬಾರದು. ಅವಳು ಆಡುತ್ತಿದ್ದುದು ಕೈಚೆಂಡು, ಆಡುತ್ತಿದ್ದುದು ಒಳ್ಳೆಯ ಗಂಡನು ಸಿಗಲೆಂಬ ವ್ರತವಾಗಿ. ನನ್ನ ಮೊಮ್ಮಗಳಿಗೆ ಅಂತಹ ಉದ್ದೇಶವೇನೂ ಈಗಿಲ್ಲ.

ಪಶ್ಚಿಮದವರು ಈ ವಿಷಯದಲ್ಲಿ ನಮಗಿಂತ ಮುಂದಿದ್ದರೆಂದು ನಾನು ತಿಳಿದಿದ್ದೆ. ಅದೂ ಪೂರ್ತಿ ನಿಜವಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಪ್ರೆಸ್ಟನ್ ನಗರದ ಡಿಕ್ ಕೆರ್ ಎಂಬ ಕಾರ್ಖಾನೆಯಲ್ಲಿ ಮದ್ದುಗುಂಡು ಮಾಡುತ್ತಿದ್ದ ಹೆಂಗಸರು ಒಂದು ತಂಡವನ್ನು ಕಟ್ಟಿಕೊಂಡರು. ಗಾಯಗೊಂಡ ಸೈನಿಕರಿಗಾಗಿಯೂ ಇತರ ಧರ್ಮಕಾರ್ಯಗಳಿಗಾಗಿಯೂ ಹಣ ಕೂಡಿಸಲು ಆಡಿದರು. 1920ನೆಯ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಅವರ ಆಟವನ್ನು ನೋಡಲು ಸುಮಾರು 53,000 ಜನ ಸೇರಿದ್ದರು. ಸ್ಥಳವಿಲ್ಲದೆ ಹೊರಗುಳಿದವರೇ ಸಾವಿರಗಟ್ಟಲೆ. ಒಂದು ವರ್ಷವೂ ತುಂಬಲಿಲ್ಲ. 1921ನೆಯ ಡಿಸೆಂಬರ್ 5ರಂದು ಅಲ್ಲಿನ ಫುಟ್‌ಬಾಲ್ ಸಂಘವು, ಈ ಆಟವು ಸ್ತ್ರೀಯರಿಗೆ ತಕ್ಕುದಲ್ಲವೆಂದು ತೀರ್ಮಾನಿಸಿ, ತನ್ನ ಅಧೀನದ ಕ್ಲಬ್ಬುಗಳ ಮೈದಾನಗಳನ್ನು ಅವರಿಗೆ ಕೊಡಕೂಡದೆಂದು ನಿಷೇಧಿಸಿತು. ಆ ನಿಷೇಧವು ಹೋಗಬೇಕಾದರೆ ಸುಮಾರು ಐವತ್ತು ವರ್ಷಗಳು ಹಿಡಿದವು. ಅವರು ಆಡಬಾರದೆಂದು ಯಾರೂ ಹೇಳಲಿಲ್ಲ, ನೋಡಿ. ಬಯಲನ್ನು ಮಾತ್ರ ಕೊಡಲಿಲ್ಲ. ನೀರಿನ ತೊಟ್ಟಿಯ ಬಳಿಯ ನನ್ನ ರಬ್ಬರಿನ ಬಳೆಯು ಇದನ್ನು ಓದಿದಾಗ ನೆನಪಿಗೆ ಬಂದಿತು.

ಇದಕ್ಕೆ ವಿರುದ್ಧವಾದ ಒಂದು ಸಂಗತಿಯು ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ್ದು. 1994ರ ವಿಶ್ವಕಪ್ಪಿನಲ್ಲಿ ಆಂದ್ರೇಸ್ ಎಸ್ಕೋಬಾರ್ ಎಂಬ ಆಟಗಾರನ ಕಾಲಿಗೆ ತಗಲಿದ ಚೆಂಡು ತನ್ನದೇ ಗೋಲಿನೊಳಕ್ಕೆ ಹೋಯಿತು. ಹತ್ತು ದಿವಸಗಳಲ್ಲಿ, ಜುಲೈ 2ರಂದು, ಮೆಡೆಯಿನ್ ನಗರದಲ್ಲಿ ಅವನನ್ನು ಗುಂಡಿಕ್ಕಿ ಕೊಂದರು. ಕೊಲೆ ಸುಲಿಗೆಗಳಿಂದ ನಲುಗಿದ್ದ ಆ ನಗರದ ಕೇರಿಗಳಲ್ಲಿ, ಅದೇ ಕಾಲ್ಚೆಂಡಿನಿಂದಲೇ ಶಾಂತಿಯನ್ನು ತರಬೇಕೆಂದು ಯುರ್ಗೆನ್ ಗ್ರೀಸ್‌ಬೆಕ್ ಎಂಬ ಜರ್ಮನಿಯವರು ಕೆಲವರೊಡನೆ ಸೇರಿ 1996ರಲ್ಲಿ ಒಂದು ಆಟವನ್ನು ಆರಂಭಿಸಿದರು. ಹುಡುಗರೂ ಹುಡುಗಿಯರೂ ಒಂದೇ ತಂಡದಲ್ಲಿರತಕ್ಕದ್ದು. ತೀರ್ಪುಗಾರನಿಲ್ಲ, ಆಟಕ್ಕೆ ಮುಂಚೆ ಎರಡು ತಂಡಗಳೂ ಕುಳಿತು ನಿಯಮಗಳನ್ನು ಒಪ್ಪಿಕೊಳ್ಳಬೇಕು, ಆಟವಾದ ಮೇಲೆ ಮತ್ತೆ ಕುಳಿತು ಯಾರು ಮಾತಿಗೆ ತಪ್ಪಿದರೆಂದು ತಾವೇ ನಿರ್ಣಯಿಸಿ ಅಂಕಗಳನ್ನು ಹಂಚಿಕೊಳ್ಳಬೇಕು. ಇವೆಲ್ಲಕ್ಕಿಂತ ನನಗೆ ಹಿಡಿಸಿದ ನಿಯಮವೆಂದರೆ, ಮೊದಲನೆಯ ಗೋಲನ್ನು ಹುಡುಗಿಯೇ ಹೊಡೆಯಬೇಕು. ಅಲ್ಲಿಯ ತನಕ ಹುಡುಗರು ಹೊಡೆದದ್ದು ಲೆಕ್ಕಕ್ಕಿಲ್ಲ.

ಈ ಒಂದು ನಿಯಮದ ಜಾಣತನವನ್ನು ಸ್ವಲ್ಪ ನಿಂತು ಆಲೋಚಿಸಬೇಕು. “ಹುಡುಗಿಯರನ್ನೂ ಸೇರಿಸಿಕೊಳ್ಳಿ” ಎಂದು ಹಿರಿಯರು ಅಪ್ಪಣೆ ಮಾಡಿದರೆ, ಹುಡುಗರು ಸೇರಿಸಿಕೊಳ್ಳುತ್ತಾರೆ, ಮೂಲೆಯಲ್ಲಿ ನಿಲ್ಲಿಸುತ್ತಾರೆ, ಅವಳ ಕಾಲಿಗೆ ಒಂದು ಸಲವೂ ಚೆಂಡು ಹೋಗುವುದಿಲ್ಲ. ಊಟಕ್ಕೆ ಕರೆದು ಎಲೆ ಹಾಕಿ ಬಡಿಸದಿದ್ದಂತೆ. ಅದರ ಬದಲು ಅವಳು ಗೋಲು ಹೊಡೆದ ಹೊರತು ತಮಗೆ ಗೆಲುವಿಲ್ಲವೆಂದು ಗೊತ್ತಾದರೆ, ಅವಳಿಗೆ ಆಟವನ್ನು ಕಲಿಸುವ ಸ್ವಾರ್ಥವು ಹುಡುಗರಲ್ಲಿಯೇ ಹುಟ್ಟುತ್ತದೆ. ಉಪದೇಶದಿಂದ ಆಗದ ಕೆಲಸವನ್ನು ಲೆಕ್ಕವು ಮಾಡಿಸುತ್ತದೆ. ಮೂವತ್ತೈದು ವರ್ಷ ಉಪದೇಶದಿಂದಲೇ ಜೀವಿಸಿದವನು ಈ ಮಾತನ್ನು ಹೇಳುತ್ತಿದ್ದೇನೆ.

ನಮ್ಮ ತರುಣರ ಮುಂದೆ ಇದನ್ನಿಟ್ಟಾಗ ಕಾಲೇಜಿನ ಹುಡುಗನೊಬ್ಬನು, “ರೂಲ್ಸ್ ಬದಲಾಯಿಸಿದರೆ ಅದು ಫುಟ್‌ಬಾಲೇ ಅಲ್ಲ ಸಾರ್” ಎಂದು ಕೆರಳಿದನು. ನಿಯಮಗಳೇನು ವೇದಗಳಂತೆ ಅಪೌರುಷೇಯವೆ? 1863ರಲ್ಲಿ ಲಂಡನ್ನಿನ ಒಂದು ಹೋಟಲಿನಲ್ಲಿ ಕೆಲವು ಗೃಹಸ್ಥರು ಕುಳಿತು ಚರ್ಚಿಸಿ ಬರೆದ ನಿಯಮಗಳವು. ಗೋಲ್‌ಕೀಪರನು ತನ್ನ ಪೆನಾಲ್ಟಿ ಚೌಕದೊಳಗೆ ಮಾತ್ರವೇ ಕೈ ಹಚ್ಚಬೇಕೆಂದದ್ದು 1912ರಲ್ಲಿ. ಆಫ್‌ಸೈಡಿಗೆ ಮೂವರು ಎದುರಾಳಿಗಳಿದ್ದದ್ದು ಇಬ್ಬರಾದದ್ದು 1925ರಲ್ಲಿ. ತನ್ನವರೇ ಕಾಲಿನಿಂದ ಹಿಂದಕ್ಕೆ ತಳ್ಳಿದ ಚೆಂಡನ್ನು ಗೋಲ್‌ಕೀಪರನು ಕೈಯಲ್ಲಿ ಹಿಡಿಯಕೂಡದೆಂದದ್ದು 1992ರಲ್ಲಿ. ಗಾಯಗೊಂಡವನ ಬದಲು ಇನ್ನೊಬ್ಬನನ್ನು ಇಳಿಸುವುದು ಸಹ ವಿಶ್ವಕಪ್ಪಿನಲ್ಲಿ 1970ರ ತನಕ ಇರಲಿಲ್ಲ. ಆಟವು ಚೆನ್ನಾಗಲೆಂದು ಇಷ್ಟು ಸಲ ಬದಲಾಯಿಸಿದವರು, ಆಡುವವರು ಹೆಚ್ಚಲೆಂದು ಇನ್ನೊಂದು ಸಲ ಬದಲಾಯಿಸಿದರೆ ಆಕಾಶವೇನೂ ಕಳಚಿ ಬೀಳದು.

ಈಗ ಅತ್ಯಂತ ಸ್ವಾರಸ್ಯವಾದ ಭಾಗಕ್ಕೆ ಬರುತ್ತೇನೆ. ಕಣ್ಣು ಕಾಣದವರು ಕಾಲ್ಚೆಂಡಾಡುತ್ತಾರೆಂದು ನಾನು ಹೇಳಿದಾಗ ನಮ್ಮ ಮನೆಯಾಕೆ ನಂಬಲಿಲ್ಲ. “ಚೆಂಡು ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತೆ ರೀ?” ಎಂದಳು. ಚೆಂಡಿನೊಳಗೆ ಗಿಲಕಿಯಂತಹ ಗುಂಡುಗಳಿರುತ್ತವೆ, ಉರುಳಿದರೆ ಸದ್ದಾಗುತ್ತದೆ. ಒಂದೊಂದು ಕಡೆಗೆ ಐದೈದು ಜನ. ಗೋಲ್‌ಕೀಪರನಿಗೆ ಮಾತ್ರ ಕಣ್ಣು ಕಾಣಬಹುದು. ಉಳಿದ ನಾಲ್ವರೂ ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳತಕ್ಕದ್ದು. ಮಬ್ಬಾಗಿ ಕಾಣುವವನಿಗೂ ಏನೂ ಕಾಣದವನಿಗೂ ವ್ಯತ್ಯಾಸವಿರಬಾರದಷ್ಟೆ. ಮೈದಾನದ ಅಳತೆ 40 ಮೀಟರಿಗೆ 20 ಮೀಟರು, ಎರಡು ಪಕ್ಕಗಳಲ್ಲಿಯೂ ಸೊಂಟದೆತ್ತರದ ಹಲಗೆಗಳು. ಎದುರಾಳಿಯ ಗೋಲಿನ ಹಿಂದೆ ತಮ್ಮವನೇ ಒಬ್ಬನು ನಿಂತು ಕೂಗಿ ದಾರಿ ತೋರಿಸುತ್ತಾನೆ. ಚೆಂಡನ್ನು ಕಸಿಯಲು ಹೋಗುವವನು “ವಾಯ್” ಎಂದು ಕೂಗಲೇಬೇಕು. ಅದು ಸ್ಪ್ಯಾನಿಷ್ ಮಾತು, ‘ಹೋಗುತ್ತಿದ್ದೇನೆ’ ಎಂದರ್ಥ. ಕೂಗದೆ ನುಗ್ಗಿದರೆ ತಪ್ಪು. ಪ್ರೇಕ್ಷಕರು ಗೋಲಾಗುವವರೆಗೂ ಉಸಿರೆತ್ತಬಾರದು. ಸಾವಿರಾರು ಜನ ಮೌನವಾಗಿ ಕುಳಿತು ಕಾಲ್ಚೆಂಡನ್ನು ನೋಡುವ ದೃಶ್ಯವನ್ನು ತಾವು ಕಲ್ಪಿಸಿಕೊಳ್ಳಿ. ನನಗೆ ಹರಿಕಥೆಯ ಸಭೆಯಲ್ಲಿಯೂ ಅಂತಹ ಮೌನವು ದೊರೆತಿಲ್ಲ. 2004ರ ಅಥೆನ್ಸಿನಿಂದ ಇದು ಪ್ಯಾರಾಲಿಂಪಿಕ್ಸಿನಲ್ಲಿದೆ. ಮೊದಲ ಐದು ಸಲವೂ ಬ್ರೆಜಿಲ್ ದೇಶದವರೇ ಚಿನ್ನವನ್ನು ಗೆದ್ದರು. 2024ರಲ್ಲಿ ಪ್ಯಾರಿಸಿನಲ್ಲಿ ಫ್ರಾನ್ಸ್ ಗೆದ್ದಿತು. ನಮ್ಮ ದೇಶದ ಅಂಧರ ಫುಟ್‌ಬಾಲ್ ಒಕ್ಕೂಟದ ಕೇಂದ್ರವು ನೆರೆಯ ಕೇರಳದ ಕೊಚ್ಚಿಯಲ್ಲಿದೆ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಹದಿನಾಲ್ಕು ವರ್ಷದ, ಹುಟ್ಟಿನಿಂದ ದೃಷ್ಟಿಯಿಲ್ಲದ ಹುಡುಗನಿದ್ದಾನೆ. ಮೈಸೂರಿನಲ್ಲಿ ಓದುತ್ತಾ ರಜೆಗೆ ಮನೆಗೆ ಬರುತ್ತಾನೆ. ಅವನ ತಾಯಿಯನ್ನು ನಮ್ಮ ಮನೆಯಾಕೆಯೇ ಹೋಗಿ ಕೇಳಿದಳು. ಆಕೆ ಎರಡು ದಿನ ಉತ್ತರ ಕೊಡಲಿಲ್ಲ, ಮೂರನೆಯ ದಿನ ತಾನೇ ಕೈಹಿಡಿದು ಕರೆತಂದಳು. ನಮ್ಮಲ್ಲಿ ಗಿಲಕಿಯ ಚೆಂಡೆಲ್ಲಿಂದ ಬರಬೇಕು? ಸಾಧಾರಣ ಚೆಂಡಿಗೇ ಅಂಗಡಿಯ ತೆಳ್ಳನೆಯ ಪ್ಲಾಸ್ಟಿಕ್ ಚೀಲವನ್ನು ಸುತ್ತಿ ಕಟ್ಟಿದರೆ ಉರುಳುವಾಗ ಚರಚರ ಸದ್ದಾಗುತ್ತದೆಂದು ಓದಿದ್ದೆನು, ಹಾಗೆಯೇ ಮಾಡಿದೆವು. ತರುಣರು ಕಣ್ಣಿಗೆ ಟವೆಲು ಬಿಗಿದುಕೊಂಡು ಇಳಿದರು. ಬ್ಯಾಂಕಿನ ಹುಡುಗನು ನಾಲ್ಕು ಹೆಜ್ಜೆ ನಡೆದು ಕುಕ್ಕರಿಸಿದನು. ರೂಲ್ಸಿನ ಪಂಡಿತನು ಚೆಂಡನ್ನು ಬಿಟ್ಟು ಮೊಬೈಲ್ ಅಂಗಡಿಯವನ ಮೊಣಕಾಲನ್ನು ಒದ್ದನು. ಆ ಹುಡುಗನಾದರೋ ಚೆಂಡನ್ನು ಎರಡು ಪಾದಗಳ ನಡುವೆ ಅತ್ತಿಂದಿತ್ತ ಆಡಿಸುತ್ತಾ, ತಲೆಯನ್ನು ಸ್ವಲ್ಪ ವಾಲಿಸಿ, ಅವರೆಲ್ಲರ ನಡುವೆ ಹಾದು ಹೋದನು. ಬೇಲಿಯ ಬಳಿ ಕಡಲೆಕಾಯಿ ಮಾರುವವನು ಬಾಣಲೆಯನ್ನು ತಟ್ಟುವುದನ್ನು ಯಾರೂ ಹೇಳದೆಯೇ ನಿಲ್ಲಿಸಿದನು. ಅವನ ತಾಯಿ ನನ್ನ ಪಕ್ಕದ ಕಲ್ಲಿನ ಮೇಲೆ ಕುಳಿತಿದ್ದಳು. ಆಕೆಯ ಮುಖವನ್ನು ನಾನು ವರ್ಣಿಸಲಾರೆ.

ಅಂಗವಿಕಲರಿಗಾಗಿ ಇನ್ನೂ ಬಗೆಬಗೆಯ ಆಟಗಳಿವೆ. ಒಂದು ಕಾಲಿಲ್ಲದವರು ಎರಡು ಊರುಗೋಲುಗಳ ಮೇಲೆ ಆಡುತ್ತಾರೆ. ಗೋಲ್‌ಕೀಪರನು ಒಂದು ಕೈಯಿಲ್ಲದವನು. ಊರುಗೋಲಿನಿಂದ ಬೇಕೆಂದು ಚೆಂಡನ್ನು ಮುಟ್ಟಿದರೆ ಕೈಯಿಂದ ಮುಟ್ಟಿದಂತೆಯೇ ದೋಷ. ವಿದ್ಯುತ್ತಿನ ಗಾಲಿಕುರ್ಚಿಗಳಲ್ಲಿ ಕುಳಿತು ನಾಲ್ಕು ನಾಲ್ಕು ಜನ ದೊಡ್ಡ ಚೆಂಡಿನಿಂದ ಆಡುವ ಆಟವೊಂದಿದೆ. ಕುರ್ಚಿಯ ವೇಗವು ಗಂಟೆಗೆ 10 ಕಿಲೋಮೀಟರನ್ನು ಮೀರಬಾರದು. ಕಿವಿ ಕೇಳದವರ ಆಟದಲ್ಲಿ ತೀರ್ಪುಗಾರನು ಸೀಟಿಯ ಜೊತೆಗೆ ಬಾವುಟವನ್ನೂ ಬೀಸುತ್ತಾನೆ. ಇದಕ್ಕಿಂತ ಕಡಮೆ ಖರ್ಚಿನ ಸುಧಾರಣೆಯನ್ನು ನಾನು ಕಂಡಿಲ್ಲ. ಇವುಗಳನ್ನು ಕುರಿತು ಪುಟಗಟ್ಟಲೆ ಬರೆಯಬಹುದು. ಸಂಪಾದಕರು ಕತ್ತರಿಯನ್ನು ಮಸೆಯುತ್ತಿರುವುದು ನನಗೆ ಕೇಳಿಸುತ್ತಿದೆ.

ದುಡ್ಡಿನ ಮಾತನ್ನು ಆಡದೆ ಮುಂದೆ ಹೋಗುವಂತಿಲ್ಲ. ಬೆಂಗಳೂರಿನಂತಹ ನಗರಗಳಲ್ಲಿ ಕೃತಕ ಹುಲ್ಲು ಹಾಸಿದ ಬಾಡಿಗೆಯ ಅಂಕಣಗಳಿಗೆ ಗಂಟೆಗೆ ಸಾವಿರ ರೂಪಾಯಿಗೆ ಕಡಮೆಯಿಲ್ಲದೆ ಕೇಳುವವರುಂಟು. ಅಲ್ಲಿ ಬೋರ್ಡಿನ ಮೇಲೆ ಯಾವ ಜಾತಿಯ ಹೆಸರೂ ಇಲ್ಲ, ದರ ಮಾತ್ರವಿದೆ. ಕೆಲಸವನ್ನು ಅದೇ ಮಾಡುತ್ತದೆ. ಇನ್ನು ಬೂಟು. 1911ರಲ್ಲಿ ಈಸ್ಟ್ ಯಾರ್ಕ್‌ಷೈರ್ ಪಲ್ಟಣವನ್ನು ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದ ಮೋಹನ್ ಬಾಗಾನಿನ ಹನ್ನೊಂದು ಜನರಲ್ಲಿ ಬೂಟು ಹಾಕಿದವನು ಒಬ್ಬನೇ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರು ಬಹುಮಂದಿ ಬರಿಗಾಲಿನಲ್ಲಿಯೇ ಫ್ರಾನ್ಸಿನೆದುರು ಆಡಿ, ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು, ಒಂದಕ್ಕೆ ಎರಡು ಗೋಲುಗಳಿಂದ ಸೋತರು. ಆ ಒಂದು ಗೋಲನ್ನು ಹೊಡೆದವರು ನಮ್ಮ ಬೆಂಗಳೂರಿನ ಎಸ್. ರಾಮನ್. ಅದಕ್ಕೂ ಹತ್ತು ವರ್ಷ ಮುಂಚೆಯೇ, 1937ರಲ್ಲಿಯೂ 1938ರಲ್ಲಿಯೂ, ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ಪಲ್ಟಣಗಳ ಕೈಯಿಂದ ಕಿತ್ತು ತಂದಿತ್ತು. ಈ ಆಟವು ನಮ್ಮಲ್ಲಿ ಬೆಳೆದದ್ದು ಬಡವರ ಕೇರಿಗಳಲ್ಲಿ. ಹಲಸೂರಿನ ಗೌತಮಪುರದಲ್ಲಿ ಇಂದಿಗೂ ಪೆಲೆಯ ಪ್ರತಿಮೆಯು ನಿಂತಿದೆ. ಈಗಿನ ನಿಯಮದಲ್ಲಿ ಪಾದರಕ್ಷೆಯು ಕಡ್ಡಾಯ. ಪಾದಗಳಿಗೆ ಅದು ಒಳ್ಳೆಯದೇ. ಆದರೆ ಕೊಳ್ಳಲಾರದವನನ್ನು ಹೊರಗೆ ನಿಲ್ಲಿಸುವುದಕ್ಕೆ ಅದು ನೆಪವಾಗಕೂಡದು. ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ವ್ಯಾಯಾಮದ ಅಧ್ಯಾಪಕರಾಗಿದ್ದ ವಿಜಯ ಬಾರ್ಸೆಯವರು, ಮಳೆಯಲ್ಲಿ ಕೊಳಚೆಕೇರಿಯ ಮಕ್ಕಳು ಒಡಕು ಬಕೆಟ್ಟನ್ನು ಒದೆಯುತ್ತಿದ್ದುದನ್ನು ಕಂಡು ಅವರಿಗೊಂದು ಚೆಂಡು ಕೊಟ್ಟರಂತೆ. 2001ರಲ್ಲಿ ಆರಂಭವಾದ ಅವರ ಕೆಲಸವೇ 2022ರಲ್ಲಿ ಹಿಂದೀ ಚಲಚ್ಚಿತ್ರವೊಂದಕ್ಕೆ ಕಥೆಯಾಯಿತು. ನಾನೂ ಮಕ್ಕಳು ಡಬ್ಬ ಒದೆಯುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಸದ್ದು ಮಾಡಬೇಡಿರೆಂದು ಗದರಿದ್ದೇನೆ.

ನಮ್ಮ ಸಂಘದಲ್ಲಿ ಚಂದಾ ಇಟ್ಟಿಲ್ಲ. ಕೀನ್ಯಾದ ನೈರೋಬಿಯಲ್ಲಿ ಮಥಾರೆ ಎಂಬ ಕೊಳಚೆಪ್ರದೇಶದ ಹುಡುಗರು 1987ರಿಂದ ನಡೆಸುತ್ತಿರುವ ಸಂಸ್ಥೆಯೊಂದರಲ್ಲಿ, ತಂಡಗಳು ತಮ್ಮ ಕೇರಿಯ ಕಸವನ್ನು ತೆಗೆದರೆ ಆಟದ ಪಟ್ಟಿಯಲ್ಲಿ ಅಂಕಗಳನ್ನು ಕೊಡುತ್ತಾರೆ. ಅದನ್ನು ನಾವು ಎರವಲು ತಂದೆವು. ಭಾನುವಾರ ಬೆಳಗ್ಗೆ ಅರ್ಧ ಗಂಟೆ ಮೈದಾನದ ಕಸ, ಗಾಜಿನ ಚೂರು, ಕಳೆ ತೆಗೆದವರಿಗೆ ಸಂಜೆ ಮೊದಲ ಸರದಿ.

ತಾಯಂದಿರು ಕೇಳಿದ ಪ್ರಶ್ನೆಗಳು ಬೇರೆಯವು. ಹುಡುಗಿ ಏನು ಉಟ್ಟು ಆಡಬೇಕು? ಕತ್ತಲಾಗುವ ಮೊದಲು ಬಿಡುತ್ತೀರಾ? ಮೈದಾನದ ಶೌಚಾಲಯದ ಬೀಗದ ಕೈ ಯಾರ ಹತ್ತಿರ? ನಾನು ಹತ್ತು ದಿನ ಓದಿದ ಪುಸ್ತಕಗಳಲ್ಲಿ ಮೂರನೆಯ ಪ್ರಶ್ನೆಯಷ್ಟು ಮುಖ್ಯವಾದದ್ದು ಯಾವುದೂ ಇರಲಿಲ್ಲ. ಬೀಗದ ಕೈ ವಾಚಮನ್ನನ ಬಳಿಯಿತ್ತು, ವಾಚಮನ್ನನು ಸಂಜೆ ಐದಕ್ಕೆ ಮನೆಗೆ ಹೋಗುತ್ತಿದ್ದನು. ಈಗ ಇನ್ನೊಂದು ಕೈಯನ್ನು ಮಾಡಿಸಿ ನಮ್ಮ ಮನೆಯಾಕೆಯ ಸೆರಗಿಗೆ ಕಟ್ಟಿದೆ. ಉಡುಪಿನ ವಿಷಯದಲ್ಲಿ ಯಾವ ಕಟ್ಟುಪಾಡೂ ಬೇಡವೆಂದು ನಾನು ಹಟ ಹಿಡಿದೆನು. 2011ರಲ್ಲಿ ಇರಾನಿನ ಹೆಣ್ಣುಮಕ್ಕಳು ತಲೆವಸ್ತ್ರ ತೊಟ್ಟಿದ್ದರೆಂದು ಒಲಿಂಪಿಕ್ಸಿನ ಅರ್ಹತಾ ಪಂದ್ಯವೊಂದನ್ನು ಆಡಗೊಡಿಸದೆ ಕಳುಹಿಸಿದರು. 2013ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಸಿಖ್ಖರ ಮಕ್ಕಳ ಪೇಟಕ್ಕೆ ಅಡ್ಡಿಯೊಡ್ಡಿ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡರು. 2014ರಲ್ಲಿ ಜಾಗತಿಕ ನಿಯಮಮಂಡಲಿಯೇ ಎರಡನ್ನೂ ಒಪ್ಪಿತು. ಚೂಡೀದಾರವಾಗಲಿ, ಚಡ್ಡಿಯಾಗಲಿ, ತಲೆವಸ್ತ್ರವಾಗಲಿ, ಓಡುವಾಗ ಕಾಲಿಗೆ ಸಿಕ್ಕದಿದ್ದರೆ ಸಾಕು.

ನನ್ನ ಪಂಚೆಯು ಕಾಲಿಗೆ ಸಿಕ್ಕುತ್ತದೆ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಮುದುಕರಿಗಾಗಿಯೇ ನಡೆದಾಡುವ ಕಾಲ್ಚೆಂಡೆಂಬುದು ಇಂಗ್ಲೆಂಡಿನ ಚೆಸ್ಟರ್‌ಫೀಲ್ಡಿನಲ್ಲಿ 2011ರಲ್ಲಿ ಆರಂಭವಾಯಿತು. ಅದರಲ್ಲಿ ಓಡಕೂಡದು, ಯಾವಾಗಲೂ ಒಂದು ಪಾದವು ನೆಲದ ಮೇಲಿರಬೇಕು. ಓಡಿದರೆ ಎದುರು ಪಕ್ಷಕ್ಕೆ ಚೆಂಡು. ಐವತ್ತು ದಾಟಿದ ಆರು ಮಂದಿ ಸೇರಿ ಹತ್ತು ನಿಮಿಷ ಆಡಿದೆವು. ನಿವೃತ್ತ ಪೋಸ್ಟ್‌ಮಾಸ್ತರರು ಚೆಂಡನ್ನು ಕಂಡೊಡನೆ ಓಡಿಯೇ ಬಿಡುತ್ತಿದ್ದರು, ಐದು ಸಲ ತಪ್ಪಾಯಿತು. ನಾನು ಒಮ್ಮೆ ಮುಗ್ಗರಿಸಿದೆನು. ಮೊಮ್ಮಗಳು ಕೈತಟ್ಟಿ ನಕ್ಕಳು. ಮರುದಿನದಿಂದ ಪಾಯಿಜಾಮ.

ಮೆಡೆಯಿನ್ನಿನ ನಿಯಮವನ್ನು ತರುಣರು ಒಂದು ತಿಂಗಳ ಮಟ್ಟಿಗೆ ಪರೀಕ್ಷೆಗೆಂದು ಒಪ್ಪಿದರು. ಮೊದಲನೆಯ ವಾರ ಎಂಟು ಹುಡುಗಿಯರು ಬಂದರು, ಎರಡನೆಯ ವಾರ ಮೂವರೇ. ವಿಚಾರಿಸಿದರೆ, ಬೇಲಿಯಾಚೆ ಕೆಲವರು ನಿಂತು ಕೇಕೆ ಹಾಕಿದ್ದರಂತೆ. ತರುಣರು ಆ ಬೇಲಿಯ ಬಳಿ ತಾವೇ ಸರದಿಯಿಂದ ನಿಂತರು, ನಾಲ್ಕನೆಯ ವಾರ ಹನ್ನೊಂದು ಜನರಾದರು. ಪರೀಕ್ಷೆಯ ತಿಂಗಳು ಮುಗಿದಿದೆ; ನಿಯಮವನ್ನು ತೆಗೆಯಬೇಕೆಂದು ಯಾರೂ ಇನ್ನೂ ಕೇಳಿಲ್ಲ, ರೂಲ್ಸಿನ ಪಂಡಿತನೊಬ್ಬನ ಹೊರತು. ಅವನು ಪ್ರತಿ ವಾರವೂ ಕೇಳುತ್ತಾನೆ, ಪ್ರತಿ ವಾರವೂ ಬರುತ್ತಾನೆ.

ನನ್ನ ಹಳೆಯ ಶಿಷ್ಯನಿಗೂ ಕಾಗದ ಬರೆದೆನು. ನಡೆದಾಡುವ ಆಟದಲ್ಲಿ ನೀನು ಗೋಲ್‌ಕೀಪರನಾಗಬಹುದು, ಬಾ ಎಂದೆನು. ತಪ್ಪಾಯಿತೆಂಬ ಮಾತನ್ನೂ ಬರೆದೆನು. ಅದನ್ನು ಬರೆಯಲು ಮೂರು ಹಾಳೆಗಳನ್ನು ಹರಿಯಬೇಕಾಯಿತು. ಅವನ ಉತ್ತರವು ಬಂದಿದೆ. ಈಗ ಬಲಗಾಲಿನ ಮೊಣಕಾಲೂ ನೋಯುತ್ತದೆ, ಇಷ್ಟು ವರ್ಷ ಒಂದೇ ಕಾಲು ಎಲ್ಲ ಭಾರವನ್ನು ಹೊತ್ತಿತಲ್ಲವೆ, ವೈದ್ಯರು ನಿಲ್ಲಬೇಡವೆಂದಿದ್ದಾರೆ, ನನ್ನಿಂದಾಗದು ಮೇಷ್ಟ್ರೇ, ಮಗಳನ್ನು ಬೇಸಗೆಯ ರಜಕ್ಕೆ ತಂಗಿಯ ಮನೆಗೆ ಕಳುಹಿಸುತ್ತೇನೆ, ಅವಳು ಚೆನ್ನಾಗಿ ಓಡುತ್ತಾಳೆ, ಎಂದು ಬರೆದಿದ್ದಾನೆ. ತಪ್ಪಿನ ಮಾತಿಗೆ ಏನೂ ಬರೆದಿಲ್ಲ.

ಮೈದಾನದ ಬಾಗಿಲ ಮುಂದೆ ಒಂದು ತೆರೆದ ಚರಂಡಿಯಿದೆ. ಗಾಲಿಕುರ್ಚಿಯು ದಾಟಬೇಕಾದರೆ ಅದರ ಮೇಲೆ ನಾಲ್ಕಡಿ ಅಗಲದ ಚಪ್ಪಡಿ ಬೇಕು. ಆಟಪಾಠಗಳಲ್ಲಿ ಅಂಗವಿಕಲರಿಗೆ ಪಾಲು ದೊರೆಯುವಂತೆ ಸರಕಾರವು ಏರ್ಪಾಟು ಮಾಡಬೇಕೆಂದು 2016ರ ಕಾಯ್ದೆಯ 30ನೆಯ ಪ್ರಕರಣವು ಹೇಳುತ್ತದೆಂಬುದನ್ನು ಉದಾಹರಿಸಿ ಕಚೇರಿಗೆ ಎರಡು ಅರ್ಜಿಗಳನ್ನು ಕೊಟ್ಟಿದ್ದೇನೆ. ಮೊದಲನೆಯದು ಸಿಕ್ಕಲಿಲ್ಲವಂತೆ, ಎರಡನೆಯದು ಪರಿಶೀಲನೆಯಲ್ಲಿದೆಯಂತೆ. ಮೂರನೆಯದಕ್ಕೆ ಈ ಸಲ ಹುಡುಗಿಯರು ಹನ್ನೊಂದು ಜನರೂ ಸಹಿ ಹಾಕಿದ್ದಾರೆ. ನನ್ನ ಮೊಮ್ಮಗಳದು ಎಲ್ಲಕ್ಕಿಂತ ದೊಡ್ಡದಾಗಿದೆ. ಸೋಮವಾರ ಬೆಳಗ್ಗೆ ತೆಗೆದುಕೊಂಡು ಹೋಗುತ್ತೇನೆ.